ಎಕ್ಸ್-ಕಿರಣಕ್ಕೂ ಮಸೂರ ಉಂಟೇ?

ಪ್ರಶ್ನೆ: ಭೂತಗನ್ನಡಿ ಬಿಸಿಲನ್ನು ಒಂದು ಚುಕ್ಕೆಗೆ ತರುತ್ತದೆ. ಎಕ್ಸ್-ಕಿರಣವನ್ನೂ ಹಾಗೆ ತರಬಹುದೇ? (ಓದುಗರು, ಹೊಳಲ್ಕೆರೆ)

ಉತ್ತರ: ಭೂತಗನ್ನಡಿಯಿಂದ ಆಗದು. 1895ರಲ್ಲಿ ಈ ಕಿರಣ ಕಂಡುಹಿಡಿದ ರಾಂಟ್‌ಜನ್ ಕೂಡ ಮಸೂರ ಹಿಡಿದು ಸೋತಿದ್ದರು. ಗಾಜಿನೊಳಗೆ ಅದು ಬಾಗುವುದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ನುಣುಪು ಗಾಜಿಗೆ ತೀರಾ ಓರೆಯಾಗಿ, ಡಿಗ್ರಿಯ ಹತ್ತನೇ ಒಂದೆರಡು ಪಾಲಿನ ಕೋನದಲ್ಲಿ ತಾಗಿದರೆ, ಕೆರೆಯ ನೀರಿನ ಮೇಲೆ ಬಿಲ್ಲೆಗಲ್ಲು ಪುಟಿದಂತೆ ಪುಟಿಯುತ್ತದೆ. ಕೂದಲಿಗಿಂತ ಸಪೂರವಾದ ಟೊಳ್ಳು ಗಾಜಿನ ನಳಿಗೆಗಳನ್ನು ಲಕ್ಷಗಟ್ಟಲೆ ಸೇರಿಸಿ, ತುದಿಯನ್ನು ಒಂದೇ ಬಿಂದುವಿನತ್ತ ಬಾಗಿಸಿದರೆ, ಕಿರಣ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಅಲ್ಲಿಗೇ ಬರುತ್ತದೆ. 1980ರ ದಶಕದಲ್ಲಿ ಈ ದಾರಿ ತೋರಿಸಿದವರು ಸೋವಿಯತ್ ವಿಜ್ಞಾನಿ ಕುಮಾಖೋವ್. ಚುಕ್ಕೆಯ ಅಗಲ ಮಿಲಿಮೀಟರಿನ ನೂರನೇ ಒಂದೆರಡು ಭಾಗ, ಅಷ್ಟೇ.

ಇದರಿಂದೇನು ಉಪಯೋಗ? ನಿಮ್ಮ ಜಿಲ್ಲೆಗೇ ಬರೋಣ. ಚಿತ್ರದುರ್ಗದ ಬಳಿಯ ಇಂಗಳದಾಳಿನ ಅದಿರಿನಲ್ಲಿ ತಾಮ್ರದ ಖನಿಜವೂ ಕಬ್ಬಿಣ-ಗಂಧಕದ ಖನಿಜವೂ ಹೆಣೆದುಕೊಂಡಿವೆ. ಕಲ್ಲನ್ನು ಪುಡಿಮಾಡಿ ಪರೀಕ್ಷಿಸಿದರೆ ತಾಮ್ರ ಎಷ್ಟೆಂದು ತಿಳಿದೀತು. ಎಲ್ಲಿತ್ತೆಂಬುದು ಪುಡಿಯಲ್ಲೇ ಹೋಯಿತು! ನಯಗೊಳಿಸಿದ ಕಲ್ಲಿನ ಮೇಲೆ ಈ ಚುಕ್ಕೆಯನ್ನು ಸರಿಸುತ್ತಾ ಹೋದರೆ, ತಾಮ್ರ 8 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ, ಕಬ್ಬಿಣ 6.4ರ ಎಕ್ಸ್-ಕಿರಣ ಹೊಮ್ಮಿಸಿ ತಮ್ಮ ಜಾಗ ತೋರುತ್ತವೆ. ಸೋಡಿಯಂನಂಥ ಹಗುರ ಧಾತುಗಳು ಮಾತ್ರ ಇದಕ್ಕೆ ಸುಲಭವಾಗಿ ಸಿಗುವುದಿಲ್ಲ.