ಕಲ್ಲುಗಳ ಪರವಾಗಿ ಉತ್ತರ ಹೇಳುವವರು: ಅರ್ಮೇನಿಯ ದೇವಾಲಯ ಪರಂಪರೆಯ ಸಂರಕ್ಷಣೆ ಮತ್ತು ದಾಖಲೀಕರಣ

ಪೀಠಿಕೆ

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಹೊಳೆಯ ನಡುವಿನಿಂದ ಎತ್ತಿ ತಂದ ಹನ್ನೆರಡು ಕಲ್ಲುಗಳನ್ನು ಗಿಲ್ಗಾಲಿನಲ್ಲಿ ನಿಲ್ಲಿಸಿದರೆಂದು ಯೆಹೋಶುವನ ಗ್ರಂಥದ 4ನೆಯ ಅಧ್ಯಾಯ ತಿಳಿಸುತ್ತದೆ. ಈ ವೃತ್ತಾಂತದಲ್ಲಿ ಕಲ್ಲುಗಳು ತಾವಾಗಿ ಏನನ್ನೂ ಹೇಳುವುದಿಲ್ಲ. ಅವುಗಳನ್ನು ಕಂಡ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಹಿರಿಯರು ಉತ್ತರ ಕೊಡಬೇಕು. ಕಲ್ಲು, ಪ್ರಶ್ನೆ, ಉತ್ತರ ಈ ಮೂರೂ ಕೂಡಿದಾಗಲೇ ಸ್ಮರಣೆ ಪೂರ್ಣವಾಗುತ್ತದೆ.

ಹಾಗಾದರೆ ಉತ್ತರ ಹೇಳಬೇಕಾದ ಜನರೇ ಆ ನಾಡಿನಲ್ಲಿ ಇಲ್ಲವಾದರೆ ಗತಿಯೇನು? ಕಲ್ಲುಗಳನ್ನೂ ಪುಡಿಮಾಡಿ, ಅವು ಅಲ್ಲಿ ಇರಲೇ ಇಲ್ಲವೆಂದು ಸಾಧಿಸಲು ಹೊರಟರೆ ಸಾಕ್ಷಿ ನುಡಿಯುವವರು ಯಾರು? ಅರ್ಮೇನಿಯ ಸಭೆಗೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಕಳೆದ ಒಂದು ಶತಮಾನದ ಅನುಭವ. ಆ ಅನುಭವದ ಬೆಳಕಿನಲ್ಲಿ, ದೇವಾಲಯಗಳನ್ನು ಅಳೆದು, ಚಿತ್ರಿಸಿ, ಶಾಸನಗಳನ್ನು ಓದಿ ದಾಖಲಿಸುವ ಕಾರ್ಯವು ವಿದ್ವಾಂಸರ ಹವ್ಯಾಸ ಮಾತ್ರವಲ್ಲ, ಸಾಕ್ಷಿಯ ಸೇವೆಯೂ ಆಗಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

1. ಶಿಲೆಯಲ್ಲಿ ಮೂಡಿದ ವಿಶ್ವಾಸ

ಅರ್ಮೇನಿಯ ರಾಜನಾದ ಮೂರನೆಯ ತ್ರದತ್ ಸಂತ ಗ್ರೆಗೋರಿಯ ಬೋಧನೆಯಿಂದ ಕ್ರೈಸ್ತಮತವನ್ನು ರಾಜ್ಯಧರ್ಮವಾಗಿ ಅಂಗೀಕರಿಸಿದ್ದು ಕ್ರಿ.ಶ. 301ರಲ್ಲಿ ಎಂಬುದು ಸಾಂಪ್ರದಾಯಿಕ ಎಣಿಕೆ. ಸಭೆಯ ಪ್ರಧಾನ ದೇವಾಲಯವಿರುವ ಎಚ್‌ಮಿಯಾಡ್ಜಿನ್ ಎಂಬ ಹೆಸರಿಗೆ ‘ಏಕಜಾತನು ಇಳಿದುಬಂದನು’ ಎಂದರ್ಥ. ಗ್ರೆಗೋರಿಗೆ ಆದ ದರ್ಶನದಲ್ಲಿ ಕ್ರಿಸ್ತನು ಚಿನ್ನದ ಸುತ್ತಿಗೆಯಿಂದ ನೆಲವನ್ನು ಹೊಡೆದು ದೇವಾಲಯದ ನಿವೇಶನವನ್ನು ಸೂಚಿಸಿದನೆಂಬ ಪರಂಪರೆಯಿದೆ. ಅಂದರೆ ಈ ಸಭೆಯ ನೆನಪಿನಲ್ಲಿ ವಾಕ್ಯವು ಶರೀರಧಾರಿಯಾದ ಸತ್ಯಕ್ಕೂ ನೆಲದ ಮೇಲೆ ನಿಂತ ಕಟ್ಟಡಕ್ಕೂ ಆರಂಭದಿಂದಲೇ ನಂಟಿದೆ.

ಈ ನಂಟು ಕಟ್ಟಡಗಳ ರೂಪದಲ್ಲಿಯೂ ಕಾಣುತ್ತದೆ. ಜ್ವಾಲಾಮುಖಿಯಿಂದ ಉಂಟಾದ ಟಫ್ ಎಂಬ ಹಗುರವಾದ ಶಿಲೆಯನ್ನು ನಯವಾಗಿ ಕೆತ್ತಿ ಗೋಡೆಯ ಎರಡೂ ಬದಿಗೆ ಜೋಡಿಸಿ, ನಡುವಿನ ಜಾಗಕ್ಕೆ ಸುಣ್ಣದ ಗಾರೆಯನ್ನೂ ಕಲ್ಲುಚೂರುಗಳನ್ನೂ ತುಂಬುತ್ತಿದ್ದರು. ನಡುವೆ ಎತ್ತರದ ಗುಮ್ಮಟ, ಅದರ ಮೇಲೆ ಹೊರಗಿನಿಂದ ಶಂಕುವಿನಂತೆ ಕಾಣುವ ಕಲ್ಲಿನ ಮಾಡು. ಕ್ರಿ.ಶ. 618ರ ಸಂತ ಹ್ರಿಪ್ಸಿಮೆಯ ದೇವಾಲಯವು ಈ ಶೈಲಿಯ ಪ್ರೌಢ ನಿದರ್ಶನ. ಗೋಡೆಗಳ ಮೇಲೆ ದಾನ ಕೊಟ್ಟವರ, ಜೀರ್ಣೋದ್ಧಾರ ಮಾಡಿಸಿದವರ, ಪ್ರಾರ್ಥನೆ ಬೇಡಿದವರ ಶಾಸನಗಳಿರುತ್ತವೆ. ಪ್ರತಿಷ್ಠೆಯ ಸಮಯದಲ್ಲಿ ಕಂಬಗಳಿಗೂ ಗೋಡೆಗಳಿಗೂ ‘ಮೂರೋನ್’ ಎಂಬ ಪವಿತ್ರ ತೈಲದ ಅಭಿಷೇಕವಾಗುತ್ತದೆ.

‘ಖಚ್‌ಕಾರ್’ ಎಂಬ ಶಿಲುಬೆಗಲ್ಲು ಈ ನಾಡಿನ ವಿಶಿಷ್ಟ ಕೊಡುಗೆ. ನಿಲ್ಲಿಸಿದ ಚಪ್ಪಡಿಯ ಮೇಲೆ ಜೀವವೃಕ್ಷದಂತೆ ಚಿಗುರೊಡೆದ ಶಿಲುಬೆ. ಬಹುಪಾಲು ಕಲ್ಲುಗಳಲ್ಲಿ ಶಿಲುಬೆಗೇರಿದವನ ದೇಹವಿರುವುದಿಲ್ಲ. ಮರಣದ ಮರವು ಎಲೆ, ಹೂ, ಹಣ್ಣುಗಳನ್ನು ತಳೆದ ಈ ರೂಪವು ಪುನರುತ್ಥಾನದ ಪ್ರಸಂಗವೇ ಆಗಿದೆ. ಕೆತ್ತನೆಯ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸುವುದರಿಂದ ಅದರ ಮುಂದೆ ಪ್ರಾರ್ಥಿಸುವವನು ಪೂರ್ವಾಭಿಮುಖನಾಗುತ್ತಾನೆ. 2010ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

2. ಜನರಿಲ್ಲದ ದೇವಾಲಯಗಳು

ಐತಿಹಾಸಿಕ ಅರ್ಮೇನಿಯವು ಇಂದಿನ ಅರ್ಮೇನಿಯ ಗಣರಾಜ್ಯಕ್ಕಿಂತ ಬಹಳ ವಿಸ್ತಾರವಾದುದು. ಅದರ ಬಹುಭಾಗ ಇಂದು ತುರ್ಕಿಯಲ್ಲಿಯೂ ಉಳಿದ ಭಾಗಗಳು ಅಜರ್‌ಬೈಜಾನ್, ಇರಾನ್, ಜಾರ್ಜಿಯ ದೇಶಗಳಲ್ಲಿಯೂ ಇವೆ. ಮೊದಲನೆಯ ಮಹಾಯುದ್ಧದ ಮುನ್ನ ಕಾನ್‌ಸ್ಟಾಂಟಿನೋಪಲಿನ ಅರ್ಮೇನಿಯ ಪಿತೃಪೀಠವು ಸಿದ್ಧಪಡಿಸಿದ ಗಣತಿಯಲ್ಲಿ ಒಟ್ಟೊಮನ್ ಸಾಮ್ರಾಜ್ಯದಲ್ಲಿದ್ದ ಸುಮಾರು 2,500 ಅರ್ಮೇನಿಯ ದೇವಾಲಯಗಳೂ 450 ಮಠಗಳೂ ದಾಖಲಾಗಿದ್ದವು. 1915ರಲ್ಲಿ ಆರಂಭವಾದ ಜನಾಂಗಹತ್ಯೆ ಮತ್ತು ಗಡೀಪಾರುಗಳ ತರುವಾಯ ಅವುಗಳಲ್ಲಿ ಬಹುಪಾಲು ಆರಾಧಕರಿಲ್ಲದೆ ಉಳಿದವು. ಕೆಲವು ಭೂಕಂಪಕ್ಕೆ ಸಿಕ್ಕವು, ಕೆಲವು ದನದ ಕೊಟ್ಟಿಗೆಗಳಾದವು, ಕೆಲವುಗಳ ಕಲ್ಲು ಮನೆಗೋಡೆಗಳಿಗೆ ಹೋಯಿತು, ಕೆಲವನ್ನು ಉದ್ದೇಶಪೂರ್ವಕವಾಗಿ ಕೆಡವಲಾಯಿತು.

ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ನಾರೆಕಿನ ಸಂತ ಗ್ರೆಗೋರಿಯ ಹೆಸರು ಅಪರಿಚಿತವಲ್ಲ. ಅವನ ‘ಶೋಕಪ್ರಾರ್ಥನೆಗಳ ಗ್ರಂಥ’ವು ಪೂರ್ವ ಸಭೆಗಳ ಭಕ್ತಿಸಾಹಿತ್ಯದಲ್ಲಿ ಮೇರುಕೃತಿ, 2015ರಲ್ಲಿ ಪೋಪ್ ಫ್ರಾನ್ಸಿಸ್ ಅವನನ್ನು ಸಭೆಯ ಮಹೋಪಾಧ್ಯಾಯರ ಸಾಲಿಗೆ ಸೇರಿಸಿದರು. ಆದರೆ ವಾನ್ ಸರೋವರದ ದಕ್ಷಿಣಕ್ಕಿದ್ದ ಅವನ ಮಠ ಇಂದು ಇಲ್ಲ. 20ನೆಯ ಶತಮಾನದ ಮಧ್ಯಭಾಗದಲ್ಲಿ ಅದು ನೆಲಸಮವಾಗಿ, ಆ ಸ್ಥಳದಲ್ಲಿ ಮಸೀದಿಯೊಂದು ನಿಂತಿತು. ಕಾರ್ಸ್ ಪ್ರಾಂತದ ಖ್ತ್ಸ್‌ಕೋಂಕ್ ಮಠದಲ್ಲಿ ಐದು ದೇವಾಲಯಗಳಿದ್ದುದನ್ನು 20ನೆಯ ಶತಮಾನದ ಆದಿಯ ಛಾಯಾಚಿತ್ರಗಳು ತೋರಿಸುತ್ತವೆ. 1959ರಲ್ಲಿ ಜ್ಯಾಂ ಮಿಶೆಲ್ ತಿಯೆರಿ ಎಂಬ ವಿದ್ವಾಂಸನು ಅಲ್ಲಿಗೆ ಹೋದಾಗ ಸಂತ ಸರ್ಗಿಸನ ದೇವಾಲಯವೊಂದೇ ನಿಂತಿತ್ತು. ಆ ಹಳೆಯ ಚಿತ್ರಗಳಿಲ್ಲದಿದ್ದರೆ ಉಳಿದ ನಾಲ್ಕು ದೇವಾಲಯಗಳ ರೂಪ ನಮಗೆ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

3. ಅಳತೆಗೋಲು ಹಿಡಿದವರು

ಈ ಪರಂಪರೆಯನ್ನು ಕ್ರಮಬದ್ಧವಾಗಿ ದಾಖಲಿಸಿದವರಲ್ಲಿ ಅಗ್ರಗಣ್ಯನು ತೋರೋಸ್ ತೋರಾಮಾನ್ಯಾನ್ (1864–1934). 7ನೆಯ ಶತಮಾನದ ಮಧ್ಯದಲ್ಲಿ ಕಥೋಲಿಕೋಸ್ ಮೂರನೆಯ ನೆರ್ಸೆಸ್ ಕಟ್ಟಿಸಿದ ಜ್ವಾರ್ಥನೋತ್ಸ್ ಮಹಾದೇವಾಲಯವು 10ನೆಯ ಶತಮಾನದಲ್ಲಿ ಕುಸಿದು ಮಣ್ಣಿನಡಿಯಲ್ಲಿ ಹೂತುಹೋಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಉತ್ಖನನ ನಡೆದಾಗ ಸಿಕ್ಕಿದ್ದು ಅಡಿಪಾಯ, ಕಂಬಗಳ ತುಂಡುಗಳು, ಚದುರಿದ ಕೆತ್ತನೆಯ ಕಲ್ಲುಗಳು ಮಾತ್ರ. ತೋರಾಮಾನ್ಯಾನ್ ಅವುಗಳನ್ನು ಅಳೆದು, ಒಂದರ ಮೇಲೊಂದು ಕಿರಿದಾಗುತ್ತ ಹೋಗುವ ಮೂರು ಅಂತಸ್ತುಗಳ ಕಟ್ಟಡ ಅಲ್ಲಿತ್ತೆಂದು 1905ರಲ್ಲಿ ಚಿತ್ರಿಸಿ ತೋರಿಸಿದನು. ಅನೇಕರು ನಂಬಲಿಲ್ಲ.

ಮರುವರ್ಷವೇ ಆನಿ ನಗರದಲ್ಲಿ ನಿಕೊಲಾಯ್ ಮಾರ್ ನಡೆಸುತ್ತಿದ್ದ ಉತ್ಖನನದಲ್ಲಿ ರಾಜ ಒಂದನೆಯ ಗಾಗಿಕನ ವಿಗ್ರಹ ದೊರೆಯಿತು. ಆ ರಾಜನು ಜ್ವಾರ್ಥನೋತ್ಸ್ ಮಾದರಿಯಲ್ಲಿಯೇ ಆನಿಯಲ್ಲಿ ದೇವಾಲಯ ಕಟ್ಟಿಸಿದನೆಂದು ಅಂದಿನ ಇತಿಹಾಸಕಾರನು ಬರೆದಿದ್ದನು. ವಿಗ್ರಹದ ಕೈಯಲ್ಲಿ ಆ ದೇವಾಲಯದ ಕಲ್ಲಿನ ಪ್ರತಿಕೃತಿಯಿತ್ತು. ಅದು ಮೂರು ಅಂತಸ್ತಿನದಾಗಿತ್ತು! ವಿವರಗಳ ಕುರಿತು ವಿದ್ವಾಂಸರ ಚರ್ಚೆ ಇಂದಿಗೂ ನಿಂತಿಲ್ಲವಾದರೂ ತಾಳ್ಮೆಯ ಅಳತೆಗೆ ದೊರೆತ ಸಮರ್ಥನೆ ದೊಡ್ಡದು. ಈ ಕಥೆಗೆ ಇನ್ನೊಂದು ಭಾಗವೂ ಇದೆ. ಮೊದಲನೆಯ ಮಹಾಯುದ್ಧದ ಗೊಂದಲದಲ್ಲಿ ಆ ವಿಗ್ರಹ ಕಳೆದುಹೋಯಿತು. ಅದರ ಪೂರ್ಣರೂಪವನ್ನು ನಾವು ಬಲ್ಲುದು ಅಂದು ತೆಗೆದ ಛಾಯಾಚಿತ್ರಗಳಿಂದ ಮಾತ್ರ.

ಮುಂದೆ 1960ರ ದಶಕದಿಂದ ಈ ಕಾರ್ಯ ವಿಸ್ತಾರಗೊಂಡಿತು. ಮಿಲಾನಿನ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ವಾಂಸರು ಅರ್ಮೇನಿಯದ ವಿಜ್ಞಾನ ಅಕಾಡೆಮಿಯೊಡನೆ ಸೇರಿ 1968ರಿಂದ ಒಂದೊಂದು ಮಠಕ್ಕೂ ಒಂದೊಂದು ಸಂಪುಟದಂತೆ ನಕ್ಷೆ, ಚಿತ್ರಗಳನ್ನು ಪ್ರಕಟಿಸಿದರು. ಆರ್ಮೆನ್ ಹಾಖ್‌ನಜಾರ್ಯಾನ್ ಸ್ಥಾಪಿಸಿದ ಅರ್ಮೇನಿಯ ವಾಸ್ತುಶಿಲ್ಪ ಅಧ್ಯಯನ ಸಂಸ್ಥೆಯು, ವಿಶೇಷವಾಗಿ ಸಾಮ್ವೆಲ್ ಕರಪೆತ್ಯಾನರ (1961–2020) ಶ್ರಮದಿಂದ, ಇಂದಿನ ಗಡಿಗಳ ಆಚೆಗಿರುವ ಸ್ಮಾರಕಗಳನ್ನು ಹಳ್ಳಿಹಳ್ಳಿಗೂ ನಡೆದು ದಾಖಲಿಸಿತು.

4. ಜುಘಾ: ದಾಖಲೆಯೇ ಸಾಕ್ಷಿಯಾದಾಗ

ದಾಖಲೆಗೆ ಎಂಥ ನೈತಿಕ ಭಾರವಿದೆ ಎಂಬುದನ್ನು ಜುಘಾದ (ಜುಲ್ಫಾ) ಸ್ಮಶಾನದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಬೇರೊಂದಿಲ್ಲ. ಇಂದು ಅಜರ್‌ಬೈಜಾನಿಗೆ ಸೇರಿದ ನಖಿಚೆವಾನಿನಲ್ಲಿ, ಅರಾಸ್ ನದಿಯ ದಡದಲ್ಲಿ, ಸಾವಿರಾರು ಶಿಲುಬೆಗಲ್ಲುಗಳಿದ್ದವು. 17ನೆಯ ಶತಮಾನದಲ್ಲಿ ಆ ದಾರಿಯಾಗಿ ಹೋದ ಯೇಸುಸಭೆಯ ಪಾದ್ರಿ ಅಲೆಕ್ಸಾಂದ್ರ್ ದ ರೋದ್ ಸುಮಾರು 10,000 ಕಲ್ಲುಗಳನ್ನು ಕಂಡುದಾಗಿ ಬರೆದಿದ್ದಾನೆ. 20ನೆಯ ಶತಮಾನದ ಉತ್ತರಾರ್ಧಕ್ಕೆ ಉಳಿದಿದ್ದವು ಮೂರು ಸಾವಿರಕ್ಕಿಂತ ಕಡಮೆ. ಸೋವಿಯತ್ ಆಳ್ವಿಕೆಯ ಕಾಲದಲ್ಲಿ ಅರ್ಗಾಮ್ ಆಯ್ವಾಜ್ಯಾನ್ ಎಂಬ ಸ್ಥಳೀಯ ಸಂಶೋಧಕನು ವರ್ಷಗಟ್ಟಲೆ ನಖಿಚೆವಾನಿನ ದೇವಾಲಯಗಳನ್ನೂ ಈ ಕಲ್ಲುಗಳನ್ನೂ ಚಿತ್ರ ತೆಗೆದು, ಶಾಸನಗಳನ್ನು ಬರೆದಿಟ್ಟುಕೊಂಡನು.

1998ರಲ್ಲಿ ಆರಂಭವಾದ ನಾಶ 2005ರ ಡಿಸೆಂಬರಿನಲ್ಲಿ ಕೊನೆಮುಟ್ಟಿತು. ಸೈನಿಕರು ಸುತ್ತಿಗೆಗಳಿಂದ ಕಲ್ಲುಗಳನ್ನು ಒಡೆಯುತ್ತಿದ್ದುದನ್ನು ನದಿಯಾಚೆಯ ಇರಾನಿನ ದಡದಿಂದ ಅರ್ಮೇನಿಯ ಸಭೆಯವರು ಚಿತ್ರೀಕರಿಸಿದರು. ಅಜರ್‌ಬೈಜಾನ್ ಸರ್ಕಾರ ಆರೋಪವನ್ನು ಅಲ್ಲಗಳೆಯಿತು. ಆದರೆ 2003 ಮತ್ತು 2009ರ ಉಪಗ್ರಹ ಚಿತ್ರಗಳನ್ನು ಹೋಲಿಸಿದ ಅಮೆರಿಕದ ವಿಜ್ಞಾನ ಪ್ರಗತಿ ಸಂಘವು ಸ್ಮಶಾನದ ಸಾಲುಗಳು ಮಾಯವಾಗಿ ನೆಲ ಸಮತಟ್ಟಾಗಿರುವುದನ್ನು 2010ರಲ್ಲಿ ತೋರಿಸಿಕೊಟ್ಟಿತು. ಬಳಿಕ ‘ಕಾಕಸಸ್ ಹೆರಿಟೇಜ್ ವಾಚ್’ ಎಂಬ ಸಂಶೋಧಕರ ತಂಡವು ಶೀತಲ ಸಮರದ ಕಾಲದ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಇಂದಿನ ಚಿತ್ರಗಳೊಂದಿಗೆ ಹೋಲಿಸಿ, ನಖಿಚೆವಾನಿನಲ್ಲಿ ತಾನು ಗುರುತಿಸಿದ 110 ಅರ್ಮೇನಿಯ ಮಠ, ದೇವಾಲಯ, ಸ್ಮಶಾನಗಳ ಪೈಕಿ 108 ಸಂಪೂರ್ಣ ನಾಶವಾಗಿವೆಯೆಂದು 2022ರಲ್ಲಿ ವರದಿ ಮಾಡಿತು. ಆಯ್ವಾಜ್ಯಾನನ ಹಳೆಯ ದಾಖಲೆಗಳಿಲ್ಲದೆ ಇರುತ್ತಿದ್ದರೆ, ಏನು ನಾಶವಾಯಿತು ಎಂದು ಹೇಳುವುದೇ ಕಷ್ಟವಾಗುತ್ತಿತ್ತು.

ಇದು ಮುಗಿದ ಕಥೆಯೂ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯರು ನಾಗೊರ್ನೊ-ಕರಾಬಖನ್ನು ತೊರೆದರು. ಅದರ ಬೆನ್ನಲ್ಲೇ ಶುಷಿ ಪಟ್ಟಣದಲ್ಲಿದ್ದ 19ನೆಯ ಶತಮಾನದ ಸ್ನಾನಿಕ ಯೋಹಾನನ ದೇವಾಲಯ ಕಣ್ಮರೆಯಾದುದನ್ನು ಉಪಗ್ರಹ ಚಿತ್ರಗಳು ತೋರಿಸಿದವು. ಅರ್ಮೇನಿಯ ಪರಂಪರೆಯ ಧ್ವಂಸವನ್ನು ತಡೆಯಬೇಕೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 2021ರಲ್ಲಿಯೇ ಆದೇಶಿಸಿತ್ತು. ಅದೇ ಸಂಶೋಧಕರ ತಂಡವು ಅರ್ಮೇನಿಯರ ಅಧೀನದಲ್ಲಿದ್ದ ಪ್ರದೇಶಗಳಲ್ಲಿ ಮಸೀದಿಗಳಿಗೂ ಮುಸ್ಲಿಮರ ಸ್ಮಶಾನಗಳಿಗೂ ಆದ ಹಾನಿಯನ್ನು ದಾಖಲಿಸಿದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು. ನಮ್ಮವರ ಕಲ್ಲಿಗೆ ಮಾತ್ರ ಅಳುವ ಸಾಕ್ಷಿ ಅರೆಸಾಕ್ಷಿಯೇ ಸರಿ.

5. ಉಳಿಸುವುದೆಂದರೆ ಏನು?

ಕಟ್ಟಡವನ್ನು ಉಳಿಸುವುದರಲ್ಲಿಯೂ ಸೂಕ್ಷ್ಮ ಪ್ರಶ್ನೆಗಳಿವೆ. ವಾನ್ ಸರೋವರದ ಅಖ್ತಮಾರ್ ದ್ವೀಪದಲ್ಲಿ 915–921ರಲ್ಲಿ ಕಟ್ಟಿದ ಪವಿತ್ರ ಶಿಲುಬೆಯ ದೇವಾಲಯವಿದೆ. ಹೊರಗೋಡೆಗಳ ಮೇಲೆ ಆದಾಮ ಹವ್ವರು, ಯೋನ, ದಾವೀದ ಗೊಲ್ಯಾತರು ಕೆತ್ತನೆಯಲ್ಲಿ ಮೂಡಿದ್ದಾರೆ. 1951ರಲ್ಲಿ ಅದನ್ನು ಕೆಡವುವ ಕೆಲಸ ಆರಂಭವಾಗಿತ್ತು; ತುರ್ಕಿಯ ಸಾಹಿತಿ ಯಶಾರ್ ಕೆಮಾಲ್ ಮಧ್ಯೆ ಪ್ರವೇಶಿಸಿದ್ದರಿಂದ ನಿಂತಿತು. 2005–2007ರಲ್ಲಿ ತುರ್ಕಿ ಸರ್ಕಾರವೇ ಜೀರ್ಣೋದ್ಧಾರ ಮಾಡಿಸಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆದರೆ ಗುಮ್ಮಟದ ಮೇಲೆ ಶಿಲುಬೆಯಿರಲಿಲ್ಲ. ಅದು ಬಂದದ್ದು 2010ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 19ರಂದು, 1915ರ ಬಳಿಕ ಮೊದಲ ಬಾರಿಗೆ, ಅಲ್ಲಿ ದೈವಾರಾಧನೆ ನಡೆಯಿತು. ಗೋಡೆ ಉಳಿದರೆ ದೇವಾಲಯ ಉಳಿದಂತೆಯೇ, ಅಥವಾ ಆರಾಧನೆಯೂ ಮರಳಬೇಕೇ ಎಂಬ ಪ್ರಶ್ನೆಯನ್ನು ಅಖ್ತಮಾರ್ ನಮ್ಮ ಮುಂದಿಡುತ್ತದೆ.

ಇರಾನಿನ ಜೋರ್ಜೋರ್ ಪ್ರಾರ್ಥನಾಲಯದ ಕಥೆ ಬೇರೆಯದು. ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಅದನ್ನು 1987–88ರಲ್ಲಿ, ಸರ್ಕಾರ ಮತ್ತು ಅರ್ಮೇನಿಯ ಸಭೆಯ ಒಪ್ಪಂದದಂತೆ, ಕಲ್ಲುಕಲ್ಲಾಗಿ ಬಿಚ್ಚಿ ಸುಮಾರು 600 ಮೀಟರ್ ದೂರದಲ್ಲಿ ಮರಳಿ ಕಟ್ಟಲಾಯಿತು. 2008ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಬಹುಸಂಖ್ಯಾತರು ಅನ್ಯಧರ್ಮದವರಾಗಿರುವ ನಾಡಿನಲ್ಲಿಯೂ ಸಂರಕ್ಷಣೆ ಅಸಾಧ್ಯವಲ್ಲ ಎಂಬುದಕ್ಕೆ ಇದು ಸಾಕ್ಷಿ.

6. ದೈವಶಾಸ್ತ್ರೀಯ ಆಲೋಚನೆ

ದೇವರು ಕೈಯಿಂದ ಕಟ್ಟಿದ ಮನೆಗಳಲ್ಲಿ ವಾಸಿಸುವವನಲ್ಲವೆಂದು ಸ್ತೆಫನನು ಸಾರಿದನು. ವಿಶ್ವಾಸಿಗಳೇ ಜೀವವುಳ್ಳ ಕಲ್ಲುಗಳೆಂದು ಪೇತ್ರನು ಬರೆದನು. ಹೀಗಿರುವಾಗ ಸತ್ತ ಕಲ್ಲಿಗೆ ಇಷ್ಟು ಚಿಂತೆಯೇಕೆ ಎಂದು ಸಭಾಪಾಲಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಟ್ಟಡವು ವಿಗ್ರಹವಾಗುವ ಅಪಾಯ ಎಂದಿಗೂ ಇದ್ದೇ ಇದೆ. ಆದರೆ ಇಲ್ಲಿ ವಿಚಾರಣೆಗೆ ಬಂದಿರುವುದು ಕಲ್ಲಿನ ಪಾವಿತ್ರ್ಯವಲ್ಲ, ಸತ್ಯ. ಜುಘಾದಲ್ಲಿ ಒಡೆದದ್ದು ಕಲ್ಲಾದರೂ ಅಲ್ಲಗಳೆಯಲ್ಪಟ್ಟದ್ದು ಅದರಡಿಯಲ್ಲಿ ಮಲಗಿದ್ದ ಜೀವವುಳ್ಳ ಕಲ್ಲುಗಳೇ. ಸುಳ್ಳುಸಾಕ್ಷಿ ಕೂಡದೆಂಬ ಆಜ್ಞೆಗೆ ನಿಜಸಾಕ್ಷಿಯನ್ನು ಕಾಪಾಡಬೇಕೆಂಬ ಇನ್ನೊಂದು ಮುಖವೂ ಇದೆ.

ಈ ವಿಷಯದಲ್ಲಿ ಯೆಹೆಜ್ಕೇಲನ ಗ್ರಂಥದ 40ನೆಯ ಅಧ್ಯಾಯದಿಂದ ಮುಂದಿನ ಭಾಗ ಹೊಸ ಅರ್ಥವನ್ನು ಪಡೆಯುತ್ತದೆ. ಯೆರೂಸಲೇಮ್ ಬಿದ್ದು ಹದಿನಾಲ್ಕು ವರ್ಷಗಳಾಗಿದ್ದವು, ದೇವಾಲಯ ಬೂದಿಯಾಗಿತ್ತು. ಸೆರೆಯಲ್ಲಿದ್ದ ಪ್ರವಾದಿಯ ಮುಂದೆ ಅಳತೆಗೋಲನ್ನು ಹಿಡಿದ ಒಬ್ಬನು ಬಾಗಿಲು, ಅಂಗಳ, ಗೋಡೆಗಳನ್ನು ಒಂದೊಂದಾಗಿ ಅಳೆಯುತ್ತಾನೆ. ಓದುವಾಗ ನಾವು ಬೇಸರದಿಂದ ದಾಟಿಹೋಗುವ ಆ ಅಂಕಿಗಳು ಸೆರೆಯವರಿಗೆ ನಿರೀಕ್ಷೆಯ ಭಾಷೆಯಾಗಿದ್ದವು. ಅಳೆಯುವುದೆಂದರೆ ಕಳೆದುಕೊಂಡದ್ದನ್ನು ಶೂನ್ಯಕ್ಕೆ ಬಿಟ್ಟುಕೊಡಲು ಒಪ್ಪದಿರುವುದು. ನೆಹೆಮೀಯನೂ ಗೋಡೆ ಕಟ್ಟುವ ಮೊದಲು ರಾತ್ರಿಯಲ್ಲಿ ಸುತ್ತಾಡಿ ಬಿರುಕುಗಳನ್ನು ಪರೀಕ್ಷಿಸಿದನು. ದಾಖಲೀಕರಣವು ಶೋಕವೂ ಹೌದು, ನಿರೀಕ್ಷೆಯೂ ಹೌದು.

ಉಪಸಂಹಾರ

ಈ ವಿಷಯ ನಮಗೆ ತೀರ ದೂರದ್ದಲ್ಲ. 17ನೆಯ ಶತಮಾನದ ಆದಿಯಲ್ಲಿ ಷಾ ಅಬ್ಬಾಸನು ಜುಘಾದ ಅರ್ಮೇನಿಯರನ್ನು ಬಲವಂತವಾಗಿ ಇಸ್ಫಹಾನಿಗೆ ಸಾಗಿಸಿದನು. ಅಲ್ಲಿ ಅವರು ಕಟ್ಟಿಕೊಂಡ ಹೊಸ ಜುಲ್ಫಾದಿಂದಲೇ ವರ್ತಕರು ಸೂರತ್, ಮದ್ರಾಸ್, ಕಲ್ಕತ್ತಗಳಿಗೆ ಬಂದರು. ಚೆನ್ನೈಯ ಅರ್ಮೇನಿಯನ್ ಬೀದಿಯಲ್ಲಿ 1772ರಲ್ಲಿ ಕಟ್ಟಿದ ಅವರ ದೇವಾಲಯ ಇಂದಿಗೂ ಇದೆ. 1794ರಲ್ಲಿ ಜಗತ್ತಿನ ಮೊದಲ ಅರ್ಮೇನಿಯ ಪತ್ರಿಕೆಯನ್ನು ಹೊರತಂದ ಪಾದ್ರಿ ಹಾರುತ್ಯೂನ್ ಷ್ಮಾವೋನ್ಯಾನರ ಸಮಾಧಿಯೂ ಅಲ್ಲಿದೆ. ಭಾರತದ ಅರ್ಮೇನಿಯ ಸಮಾಧಿಶಾಸನಗಳನ್ನು ಶ್ರಮಪಟ್ಟು ಓದಿ ಬರೆದಿಟ್ಟವರು ಕಲ್ಕತ್ತದ ಮೆಸ್ರೋಬ್ ಜೇಕಬ್ ಸೇಠ್. ಅವರ ಗ್ರಂಥ 1937ರಲ್ಲಿ ಪ್ರಕಟವಾಯಿತು. ಪೂರ್ವಜರ ಕಲ್ಲುಗಳು ಅರಾಸ್ ದಡದಲ್ಲಿ ಪುಡಿಯಾದವು; ಅವರ ಸಂತತಿಯವರ ಕಲ್ಲುಗಳು ನಮ್ಮ ನೆರೆಯಲ್ಲಿ ಓದಲು ಸಿಗುತ್ತಿವೆ.

ಸಭಾಪಾಲಕರು ಇದರಿಂದ ಕಲಿಯಬೇಕಾದುದು ಸರಳ. ದಾಖಲೆ ಬೇಕಾಗುವುದು ಕಟ್ಟಡ ಬಿದ್ದ ಮೇಲೆ; ಆದರೆ ಅದನ್ನು ಮಾಡಲು ಸಾಧ್ಯವಾಗುವುದು ಬೀಳುವ ಮೊದಲು ಮಾತ್ರ. ತನ್ನ ವಶದಲ್ಲಿರುವ ದೇವಾಲಯದ ಅಳತೆಯ ನಕ್ಷೆ, ನಾಲ್ಕೂ ದಿಕ್ಕಿನ ಚಿತ್ರಗಳು, ಪ್ರತಿಯೊಂದು ಶಾಸನ ಮತ್ತು ಸಮಾಧಿಲೇಖದ ನಕಲು, ಯಾವ ಹಬ್ಬದಲ್ಲಿ ಯಾವ ಬಾಗಿಲು ತೆರೆಯುತ್ತದೆ ಎಂಬಂಥ ಹಿರಿಯರ ನೆನಪುಗಳು ಇವೆಲ್ಲವೂ ತಿಥಿ ಸಹಿತವಾಗಿ, ಒಂದಕ್ಕಿಂತ ಹೆಚ್ಚು ಕಡೆ ಇಡಲ್ಪಡಬೇಕು. ಮೊಬೈಲ್ ಕ್ಯಾಮೆರಾ ಮತ್ತು ಅಳತೆಯ ಪಟ್ಟಿಯಿಂದಲೇ ಆರಂಭಿಸಬಹುದು. ಗಿಲ್ಗಾಲಿನ ಮಕ್ಕಳಂತೆ ನಾಳೆಯ ಮಕ್ಕಳೂ ಕಲ್ಲುಗಳ ಅರ್ಥವನ್ನು ಕೇಳುವರು. ಆಗ ಉತ್ತರವನ್ನು ಕಾಪಾಡಿಟ್ಟವರ ಸೇವೆಯೂ ಸುವಾರ್ತೆಯ ಸೇವೆಯೇ ಆಗಿರುತ್ತದೆ.