ರೋಮಕೂಪದ ಗುಳ್ಳೆಗೆ ಲೇಸರ್ ಮದ್ದೇ?

ವಿದ್ಯಾರ್ಥಿಗಳೇ, ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ದಿನವಿಡೀ ಕುಳಿತಾಗ ಕಾಲಿನಲ್ಲೋ ತೊಡೆಯಲ್ಲೋ ಸಣ್ಣ ಕೆಂಪು ಗುಳ್ಳೆಗಳು ಏಳುವುದುಂಟಲ್ಲ? ಒಮ್ಮೆ ಭೂತಗನ್ನಡಿ ಹಿಡಿದು ನೋಡಿ. ಗುಳ್ಳೆಯ ನಡುವಿನಿಂದ ಕೂದಲು ಹೊರಟಿದ್ದರೆ ಅದು ಬರೀ ಬೆವರುಸಾಲೆ ಆಗಿರಲಿಕ್ಕಿಲ್ಲ. ಕೂದಲು ಹುಟ್ಟುವ ಪುಟ್ಟ ಬಾವಿಗೆ ರೋಮಕೂಪ ಎಂದು ಹೆಸರು. ಅದು ಊದಿಕೊಂಡರೆ ವೈದ್ಯರು ಫಾಲಿಕ್ಯುಲೈಟಿಸ್ ಅಂತಾರೆ.

ಹೆಚ್ಚಿನ ಸಲ ಇದಕ್ಕೆ ಕಾರಣ ಸ್ಟೆಫೈಲೊಕೋಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಬೆವರು, ಬಿಗಿ ಬಟ್ಟೆಯ ಉಜ್ಜಾಟ, ಬ್ಲೇಡಿನ ಗೀರು ಇವೆಲ್ಲ ಅದಕ್ಕೆ ದಾರಿ ಮಾಡಿಕೊಡುತ್ತವೆ. ದಪ್ಪವಾಗಿ ಹಚ್ಚಿದ ಎಣ್ಣೆ ರೋಮಕೂಪದ ಬಾಯಿಯನ್ನು ಮುಚ್ಚಲೂಬಹುದು. ಇನ್ನೊಂದು ಬಗೆಯೂ ಇದೆ: ಬೋಳಿಸಿದ ಗುಂಗುರು ಕೂದಲು ಬಾಗಿ ಮತ್ತೆ ಚರ್ಮಕ್ಕೇ ಚುಚ್ಚಿ ಗುಳ್ಳೆ ಎಬ್ಬಿಸುತ್ತದೆ.

ಹೆಚ್ಚಿನ ಗುಳ್ಳೆಗಳು ಕೆಲವು ದಿನಗಳಲ್ಲಿ ತಾನಾಗಿ ಮಾಯುತ್ತವೆ. ಆದರೆ ಮೊಣಕಾಲಿನ ಕೆಳಗೆ ವರ್ಷಗಟ್ಟಲೆ ಕಾಡುವ ಒಂದು ಬಗೆ ದಕ್ಷಿಣ ಭಾರತದಲ್ಲಿ ಕಾಣಸಿಗುತ್ತದೆ. ಕೇರಳದ ವೈದ್ಯರು 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಹೀಗೆ ಮದ್ದಿಗೆ ಬಗ್ಗದೆ ಮರುಕಳಿಸುವಾಗ ಲೇಸರ್‌ನ ಮಾತು ಬರುತ್ತದೆ.

ಲೇಸರ್ ಏನು ಮಾಡುತ್ತದೆ? ಬಿಸಿಲಿಗೆ ಒಂದು ಕಪ್ಪು ಬಟ್ಟೆ, ಒಂದು ಬಿಳಿ ಬಟ್ಟೆ ಹಾಸಿ, ಹತ್ತು ನಿಮಿಷ ಬಿಟ್ಟು ಮುಟ್ಟಿ ನೋಡಿ. ಕಪ್ಪು ಬಟ್ಟೆ ಹೆಚ್ಚು ಬಿಸಿ, ಅಲ್ವಾ? ಕೂದಲಿನ ಕಪ್ಪಿಗೆ ಕಾರಣ ಮೆಲನಿನ್. ಅದು ಲೇಸರ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಕೂದಲಿನ ಬೇರು ಹಾಳಾಗುತ್ತದೆ. ಬೇಕಾದ ಭಾಗವನ್ನಷ್ಟೇ ಹೀಗೆ ಬಿಸಿ ಮಾಡುವ ತತ್ವವನ್ನು 1983ರಲ್ಲಿ ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ವಿವರಿಸಿದರು. ಕೂದಲು ಕಡಿಮೆಯಾದರೆ ಚುಚ್ಚುವುದೂ ಕಡಿಮೆ, ಗುಳ್ಳೆಯೂ ಕಡಿಮೆ. ನೆನಪಿಡಿ, ಲೇಸರ್ ಇಲ್ಲಿ ಬ್ಯಾಕ್ಟೀರಿಯಾಕ್ಕೆ ಮದ್ದಲ್ಲ. ಕೀವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ಇಲ್ಲೊಂದು ತೊಡಕಿದೆ. ನಮ್ಮ ಚರ್ಮದಲ್ಲೂ ಮೆಲನಿನ್ ಇದೆಯಲ್ಲ! ಬೆಳಕಿನ ಆಯ್ಕೆ ತಪ್ಪಿದರೆ ಚರ್ಮವೇ ಸುಟ್ಟು ಕಲೆ ಉಳಿಯುತ್ತದೆ. 755 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಮೆಲನಿನ್ ಹೆಚ್ಚು ಹೀರುತ್ತದೆ. 1064 ನ್ಯಾನೋಮೀಟರ್‌ನ ಕಣ್ಣಿಗೆ ಕಾಣದ ಬೆಳಕನ್ನು ಕಡಿಮೆ ಹೀರುತ್ತದೆ, ಈ ಬೆಳಕು ಆಳಕ್ಕೂ ಇಳಿಯುತ್ತದೆ. ಆದ್ದರಿಂದ ಕಂದು, ಕಪ್ಪು ಚರ್ಮಕ್ಕೆ ಇದೇ ಹೆಚ್ಚು ಸುರಕ್ಷಿತ. ಹಾಗಾಗಿಯೇ ಇದು ಚರ್ಮವೈದ್ಯರು ನಿರ್ಧರಿಸಬೇಕಾದ ಕೆಲಸ, ಬರೀ ಅಂದ ಹೆಚ್ಚಿಸುವ ಅಂಗಡಿಯದ್ದಲ್ಲ.

ಒಂದೇ ಸಲಕ್ಕೆ ಮುಗಿಯುವುದೂ ಇಲ್ಲ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಪೆಟ್ಟು ಚೆನ್ನಾಗಿ ತಗಲುತ್ತದೆ. ಎಲ್ಲ ಕೂದಲೂ ಒಟ್ಟಿಗೆ ಆ ಹಂತದಲ್ಲಿ ಇರುವುದಿಲ್ಲ. ಹಾಗಾಗಿ ಕೆಲವು ವಾರಗಳ ಅಂತರದಲ್ಲಿ ಹಲವು ಸಲ ಮಾಡಬೇಕು. ಮೆಲನಿನ್ ಇಲ್ಲದ ಬಿಳಿ ಕೂದಲಿಗೆ ಇದು ನಾಟುವುದೇ ಇಲ್ಲ.

ನಿಮಗೆ ಸದ್ಯಕ್ಕೆ ಬೇಕಾದದ್ದು ಲೇಸರ್ ಅಲ್ಲ. ಸಾಬೂನು ಹಚ್ಚಿ ತೊಳೆಯಿರಿ, ಚೆನ್ನಾಗಿ ಒರೆಸಿಕೊಳ್ಳಿ, ಒಣ ಬಟ್ಟೆ ತೊಡಿ. ಒಬ್ಬರ ಟವೆಲ್, ಬ್ಲೇಡು ಇನ್ನೊಬ್ಬರಿಗೆ ಬೇಡ. ಗುಳ್ಳೆ ಹಿಸುಕಬೇಡಿ. ನೋವು ಹೆಚ್ಚಾದರೆ, ಜ್ವರ ಬಂದರೆ, ಮತ್ತೆ ಮತ್ತೆ ಗುಳ್ಳೆ ಎದ್ದರೆ ನಾಚಿಕೆ ಬಿಟ್ಟು ಮನೆಯಲ್ಲಿ ಹೇಳಿ, ವೈದ್ಯರಿಗೆ ತೋರಿಸಿ.