ಅವಧಿ ಮುಗಿದ ತೆರಿಗೆ ವಿನಾಯಿತಿ: ಹಳ್ಳಿ ಮೇಷ್ಟ್ರ ಸಂಬಳಕ್ಕೆ ಸಿಕ್ಕಿದ್ದೆಷ್ಟು, ಹೋಗಿದ್ದೆಷ್ಟು?

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳು ಬರುವಾಗಲೇ ಗಡುವು ಕಟ್ಟಿಕೊಂಡು ಬಂದವು. ಮೂಲಸೌಕರ್ಯ ಬಾಂಡ್ ಕೊಂಡವರಿಗೆ 20,000 ರೂಪಾಯಿ ಬಿಡುತ್ತಿದ್ದ 80ಸಿಸಿಎಫ್ ಎರಡೇ ವರ್ಷಕ್ಕೆ ಮುಗಿಯಿತು. ಮೊದಲ ಮನೆಯ ಸಾಲದ ಬಡ್ಡಿಗೆಂದು ಬಂದ 80ಇಇಎ 2019ರ ಏಪ್ರಿಲ್ 1ರಿಂದ 2022ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಎಲೆಕ್ಟ್ರಿಕ್ ವಾಹನ ಸಾಲದ 80ಇಇಬಿ 2023ರ ಮಾರ್ಚ್ 31ಕ್ಕೆ ಬಾಗಿಲು ಹಾಕಿತು.

ಇವುಗಳಲ್ಲಿ ಮನೆ ಸಾಲದ್ದನ್ನೇ ನೋಡೋಣ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ, ವಿನಾಯಿತಿಗಳಿರುವ ಹಳೆ ತೆರಿಗೆ ಪದ್ಧತಿಯಲ್ಲಿ, 24ನೇ ಸೆಕ್ಷನ್ನಿನಡಿ ಆದಾಯದಿಂದ ಕಳೆಯಬಹುದು. ಅದನ್ನು ಮೀರಿದ ಬಡ್ಡಿಗೆ ಇನ್ನೂ ಒಂದೂವರೆ ಲಕ್ಷದವರೆಗೆ ಕೊಟ್ಟಿದ್ದು 80ಇಇಎ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಇಬ್ಬರು ಶಿಕ್ಷಕರಿದ್ದಾರೆ ಎಂದುಕೊಳ್ಳಿ. ಒಬ್ಬರ ಸಾಲ 2022ರ ಮಾರ್ಚ್ ಕೊನೆಯ ವಾರ ಮಂಜೂರಾಯಿತು, ಇನ್ನೊಬ್ಬರದು ಕಾಗದಪತ್ರ ತಡವಾಗಿ ಏಪ್ರಿಲ್‌ಗೆ ಹೋಯಿತು. ಮೊದಲಿನವರು ಸಾಲ ತೀರುವವರೆಗೂ ಆ ಹೆಚ್ಚುವರಿ ವಿನಾಯಿತಿ ಕೇಳಬಹುದು, ಎರಡನೆಯವರು ಒಂದು ವರ್ಷವೂ ಕೇಳುವಂತಿಲ್ಲ. ಸಂಬಳ ಒಂದೇ, ಮನೆಯ ಬೆಲೆ ಒಂದೇ. ಬ್ಯಾಂಕಿನ ಮೇಜಿನ ಮೇಲೆ ಕಡತ ಎಷ್ಟು ದಿನ ಕೂತಿತ್ತು ಎಂಬುದರ ಮೇಲೆ ಇಪ್ಪತ್ತು ವರ್ಷದ ತೆರಿಗೆ ನಿರ್ಧಾರವಾಗುವುದು ಅನ್ಯಾಯವೇ ಸರಿ.

ಆದರೆ ಲೆಕ್ಕ ಹಾಕಿ ನೋಡಿದರೆ ದೊಡ್ಡ ಅನ್ಯಾಯ ಗಡುವಿನಲ್ಲಿಲ್ಲ, ವಿನಾಯಿತಿಯ ಅಳತೆಯಲ್ಲೇ ಇದೆ. ಶೇ 8.5ರ ಬಡ್ಡಿಯಲ್ಲಿ ವರ್ಷದ ಬಡ್ಡಿ 2 ಲಕ್ಷ ದಾಟಬೇಕಾದರೆ ಸಾಲ ಸುಮಾರು ಇಪ್ಪತ್ಮೂರೂವರೆ ಲಕ್ಷ ಮೀರಿರಬೇಕು. 80ಇಇಎಯ ಪೂರ್ತಿ ಒಂದೂವರೆ ಲಕ್ಷ ಬಳಸಿಕೊಳ್ಳಲು 41 ಲಕ್ಷದ ಆಸುಪಾಸಿನ ಸಾಲ ಬೇಕು. ಹದಿನೈದೋ ಇಪ್ಪತ್ತೋ ಲಕ್ಷ ಸಾಲ ಮಾಡಿ ಮನೆ ಮಾಡಿಕೊಂಡವರಿಗೆ, ಗಡುವಿನೊಳಗೆ ಸಾಲ ಸಿಕ್ಕಿದ್ದರೂ, ಈ ಸೆಕ್ಷನ್ನಿನಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಸಾಲ ಬ್ಯಾಂಕಿನದೋ ಗೃಹಸಾಲ ಕಂಪನಿಯದೋ ಆಗಿರಬೇಕೆಂಬ ಷರತ್ತೂ ಇತ್ತು. ಶಿಕ್ಷಕರ ಪತ್ತಿನ ಸಹಕಾರ ಸಂಘದಲ್ಲಿ ಸಾಲ ತೆಗೆದವರು ಅಲ್ಲೇ ಹೊರಗುಳಿದರು. 24ನೇ ಸೆಕ್ಷನ್ ಮನೆ ಕೊಳ್ಳುವುದನ್ನೂ ಕಟ್ಟಿಸುವುದನ್ನೂ ಹೆಸರಿಸುತ್ತದೆ, 80ಇಇಎ ಕಟ್ಟಿಸುವ ಮಾತೇ ಆಡುವುದಿಲ್ಲ. ಹಳ್ಳಿಯಲ್ಲಿ ಫ್ಲ್ಯಾಟ್ ಕೊಳ್ಳುವವರು ಯಾರು? ಅಪ್ಪನ ಜಾಗದಲ್ಲಿ ಪಾಯ ತೆಗೆಸುವವರೇ ಹೆಚ್ಚು.

ಮನೆ ಬಾಡಿಗೆ ಭತ್ಯೆಯದೂ ಇದೇ ಕಥೆ. ಹಳೆ ಪದ್ಧತಿಯಲ್ಲಿ ಭತ್ಯೆಗೆ ಸಿಗುವ ವಿನಾಯಿತಿ ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದು: ಪಡೆದ ಭತ್ಯೆ, ಸಂಬಳದ ಶೇ 40 (ಮಹಾನಗರಗಳ ಹೊರಗೆ), ಅಥವಾ ಕೊಟ್ಟ ಬಾಡಿಗೆಯಲ್ಲಿ ಸಂಬಳದ ಶೇ 10 ಕಳೆದು ಉಳಿದದ್ದು. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 70,000 ಪಡೆಯುವವರು 6,500 ರೂಪಾಯಿ ಬಾಡಿಗೆ ಕೊಟ್ಟರೆ, 7,000 ಕಳೆಯಲು ಬಾಡಿಗೆಯೇ ಸಾಲದು. ವಿನಾಯಿತಿ ಸೊನ್ನೆ. ನ್ಯಾಮತಿ, ಜಗಳೂರಿನಂಥ ಊರುಗಳ ಬಾಡಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸೂತ್ರವಲ್ಲ ಅದು.

ಇನ್ನೊಂದು ಬಗೆಯ ಮುಕ್ತಾಯವಿದೆ, ಅದಕ್ಕೆ ತಾರೀಖು ಇರುವುದಿಲ್ಲ. 80ಸಿ ಮಿತಿ ಒಂದೂವರೆ ಲಕ್ಷಕ್ಕೆ ಏರಿದ್ದು 2014ರಲ್ಲಿ. ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿಯ ಕಂತು, ಎಲ್‌ಐಸಿ, ಮಕ್ಕಳ ಶಾಲಾ ಶುಲ್ಕ, ಸಾಲದ ಅಸಲು ಎಲ್ಲವೂ ಅದೊಂದರೊಳಗೇ ತೂರಬೇಕು. ಆಮೇಲೆ ಎಲ್ಲದರ ಬೆಲೆ ಏರಿತು, ಮಿತಿ ಏರಲಿಲ್ಲ. 1961ರ ಕಾಯ್ದೆಯ ನಿಯಮದಲ್ಲಿ ಮಕ್ಕಳ ಶಿಕ್ಷಣ ಭತ್ಯೆಗೆ ವಿನಾಯಿತಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ ಎಂದೇ ದಶಕಗಟ್ಟಲೆ ನಿಂತಿತ್ತು. ರದ್ದು ಮಾಡಿದರೆ ಸುದ್ದಿಯಾಗುತ್ತದೆ, ಹಾಗೇ ಬಿಟ್ಟರೆ ಯಾರೂ ಕೇಳುವುದಿಲ್ಲ.

ಈಗ ಹೊಸ ಪದ್ಧತಿಗೆ ಬರೋಣ. 2020ರ ಬಜೆಟ್‌ನಲ್ಲಿ ಬಂದ ಇದು 2023-24ರಿಂದ ತಾನೇ ತಾನಾಗಿ ಅನ್ವಯವಾಗುತ್ತದೆ. ಹಳೆಯದು ಬೇಕಿದ್ದವರು ಕೇಳಿ ಪಡೆಯಬೇಕು. ಇದರಲ್ಲಿ 80ಸಿ, ಬಾಡಿಗೆ, ವಾಸದ ಮನೆಯ ಬಡ್ಡಿ, ವೃತ್ತಿ ತೆರಿಗೆ ಯಾವುದನ್ನೂ ಕಳೆಯುವಂತಿಲ್ಲ. ಬದಲಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ, 2025-26ರಿಂದ 12 ಲಕ್ಷದವರೆಗಿನ, ತೆರಿಗೆಗೆ ಒಳಪಡುವ ಆದಾಯಕ್ಕೆ 87ಎ ರಿಬೇಟ್ ಇದೆ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ಸರ್ಕಾರ ಕಟ್ಟುವ ಶೇ 14ರ ಪಾಲು ಎರಡೂ ಪದ್ಧತಿಯಲ್ಲಿ ಕಳೆಯುತ್ತದೆ.

ವರ್ಷಕ್ಕೆ 11 ಲಕ್ಷ ಸಂಬಳದ ಶಿಕ್ಷಕಿಯೊಬ್ಬರ ಲೆಕ್ಕ ಹೀಗಾಗುತ್ತದೆ. ಹೊಸ ಪದ್ಧತಿಯಲ್ಲಿ 75,000 ಕಳೆದರೆ 10,25,000, ತೆರಿಗೆ ಸೊನ್ನೆ. ಹಳೆಯದರಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್, 2,500 ವೃತ್ತಿ ತೆರಿಗೆ, ಪೂರ್ತಿ 80ಸಿ, ಬಡ್ಡಿಯ 2 ಲಕ್ಷ ಎಲ್ಲ ಕಳೆದರೂ 6,97,500 ಉಳಿದು, ಸೆಸ್ ಸೇರಿ 54,080 ಕಟ್ಟಬೇಕು. ಅಂದರೆ ಹಳೆಯ ವಿನಾಯಿತಿಗಳು ಹೋದವೆಂದು ಇವರು ಕೊರಗಬೇಕಿಲ್ಲ.

ಸಂಬಳ 14 ಲಕ್ಷವಾದರೆ? ಹೊಸದರಲ್ಲಿ 81,900. ಹಳೆಯದರಲ್ಲಿ ಮೇಲಿನವೆಲ್ಲದರ ಜೊತೆ ಎನ್‌ಪಿಎಸ್‌ನ ಹೆಚ್ಚುವರಿ 50,000 ಕಳೆದರೂ 1,06,080. ಅದಕ್ಕೆ 80ಇಇಎಯ ಪೂರ್ತಿ ಒಂದೂವರೆ ಲಕ್ಷ ಸೇರಿದರೆ ಮಾತ್ರ 74,880ಕ್ಕೆ ಇಳಿದು ಹಳೆಯದು ಗೆಲ್ಲುತ್ತದೆ. ಇಬ್ಬರೂ ತಮಗೆ ಲಾಭವಾದ ಪದ್ಧತಿ ಆರಿಸಿಕೊಂಡರೆ, ಗಡುವಿನ ಆಚೆ ಈಚೆ ಉಳಿದ ಅವರ ನಡುವಿನ ಅಂತರ ವರ್ಷಕ್ಕೆ 7,020 ರೂಪಾಯಿ. ಅದೂ 41 ಲಕ್ಷ ಸಾಲವಿದ್ದವರಿಗೆ.

ಚನ್ನಗಿರಿ, ಹೊನ್ನಾಳಿ ಕಡೆಯ ಶಿಕ್ಷಕರು ಗಮನಿಸಲೇಬೇಕಾದ್ದು ಅಡಿಕೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಸಂಬಳವೂ ತೋಟವೂ ಇದ್ದವರಿಗೆ ಸಂಬಳದ ತೆರಿಗೆ ದರ ಗೊತ್ತುಮಾಡಲು ಕೃಷಿ ಆದಾಯವನ್ನು ಕೂಡಿಸಿ ನೋಡುತ್ತಾರೆ. ಸಂಬಳ 11 ಲಕ್ಷ, ಖರ್ಚು ಕಳೆದು ಅಡಿಕೆಯಿಂದ 5 ಲಕ್ಷ ಎಂದಿಟ್ಟುಕೊಳ್ಳಿ. 10,25,000ಕ್ಕೆ 5 ಲಕ್ಷ ಸೇರಿಸಿ 15,25,000ಕ್ಕೆ ತೆರಿಗೆ ಹಾಕಿದರೆ 1,08,750. ಅದರಲ್ಲಿ 5 ಲಕ್ಷಕ್ಕೆ ಮೂಲ ಮಿತಿಯ 4 ಲಕ್ಷ ಸೇರಿಸಿದ 9 ಲಕ್ಷದ ಮೇಲಿನ ತೆರಿಗೆ 30,000 ಕಳೆಯಬೇಕು. ಉಳಿದದ್ದು 78,750. ರಿಬೇಟ್ ಹೆಚ್ಚೆಂದರೆ 60,000. ಬಾಕಿ 18,750, ಸೆಸ್ ಸೇರಿ 19,500. ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂಬ ಮಾತನ್ನು ನಂಬಿ ಕೂತವರಿಗೆ ಇದು ನೋಟಿಸ್ ಬಂದಾಗಲೇ ತಿಳಿಯುತ್ತದೆ. ಪಕ್ಕದ ತೋಟದವರು ಅಡಿಕೆಯಿಂದಲೇ 20 ಲಕ್ಷ ಗಳಿಸಿ ಏನೂ ಕಟ್ಟಬೇಕಿಲ್ಲದಿರುವಾಗ, ಎರಡು ಎಕರೆ ಇಟ್ಟುಕೊಂಡ ಮೇಷ್ಟ್ರಿಗೆ ಇದು ಹೊರೆ ಅನ್ನಿಸಿದರೆ ತಪ್ಪಲ್ಲ. ರೈತರಿಗೆ ತೆರಿಗೆ ಹಾಕಿ ಎನ್ನುತ್ತಿಲ್ಲ, ರಿಬೇಟ್‌ನ ಮಿತಿ ಈ ಕೂಡಿಕೆಯ ಲೆಕ್ಕಕ್ಕೂ ಹೊಂದಬೇಕು ಎನ್ನುತ್ತಿದ್ದೇನೆ.

ಶಿಕ್ಷಕರು ತರಗತಿಗೆ ಕೈಯಿಂದ ಹಾಕುವ ದುಡ್ಡಿನ ವಿಷಯ ನಮ್ಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಚಿಕ್ಕ ತರಗತಿಗಳ ನಲಿ-ಕಲಿ ಕೋಣೆಗೆ ಬಣ್ಣದ ಹಾಳೆ, ಸ್ಕೆಚ್ ಪೆನ್, ಅಂಟು, ಮಕ್ಕಳಿಗೆ ಪೆನ್ಸಿಲ್ ತರುವವರು ಎಷ್ಟೋ ಮಂದಿ. ಅಮೆರಿಕದಲ್ಲಿ 2002ರಿಂದ ಶಿಕ್ಷಕರಿಗೆ 250 ಡಾಲರ್‌ವರೆಗೆ ಇಂಥ ವಿನಾಯಿತಿ ಬಂತು. ಅದೂ ಗಡುವಿನದೇ. ಮುಗಿಯುವುದು, ತಡವಾಗಿ ಹಿಂದಿನ ತಾರೀಖಿನಿಂದ ಮುಂದುವರಿಯುವುದು ನಡೆದು, 2015ರ ಕೊನೆಗೆ ಕಾಯಂ ಆಯಿತು. 2022ರಲ್ಲಿ ಅದು 300 ಡಾಲರ್‌ಗೆ ಏರಿತು. ಪೆನ್ಸಿಲ್ ಕೊಳ್ಳುವ ದಿನ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಿನಾಯಿತಿ ಯಾರ ನಿರ್ಧಾರವನ್ನೂ ಬದಲಿಸದು. ನಮ್ಮಲ್ಲಿ ರಸೀದಿ ಕೂಡಿಡುವ ಕಿರಿಕಿರಿ ಬೇಡ. ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು ಬೆಲೆಯೇರಿಕೆಗೆ ಕಟ್ಟಿ ಪ್ರತಿವರ್ಷ ಏರಿಸಿದರೆ, ತೆರಿಗೆ ಕಟ್ಟುವ ಎಲ್ಲ ಸಂಬಳದವರಿಗೂ ಅದು ಕೇಳದೆಯೇ ತಲುಪುತ್ತದೆ.

ವರ್ಷದ ಮೊದಲಿಗೆ ವೇತನ ಬಟವಾಡೆ ಅಧಿಕಾರಿ (ಡಿಡಿಒ) ಕೇಳುವ ಘೋಷಣೆಯಲ್ಲಿ ಪದ್ಧತಿ ತಿಳಿಸದಿದ್ದರೆ ಹೊಸದರ ಪ್ರಕಾರವೇ ಟಿಡಿಎಸ್ ಹಿಡಿಯುತ್ತಾರೆ. ಸಂಬಳದವರು ರಿಟರ್ನ್ಸ್ ಸಲ್ಲಿಸುವಾಗ ಬದಲಿಸಿಕೊಳ್ಳಬಹುದು, ಆದರೆ ಹಳೆಯದು ಬೇಕಿದ್ದರೆ ಗಡುವಿನೊಳಗೆ, ಸಾಮಾನ್ಯವಾಗಿ ಜುಲೈ 31ರೊಳಗೆ, ಸಲ್ಲಿಸಿರಬೇಕು. ತಡವಾದರೆ ಹೊಸದೇ ಗತಿ. ಬಡ್ತಿ, ವೇತನ ನಿಗದಿಯ ಹಿಂಬಾಕಿ ಒಟ್ಟಿಗೆ ಬಂದು 12 ಲಕ್ಷ ದಾಟಿದ್ದರೆ ರಿಟರ್ನ್ಸ್‌ಗೆ ಮೊದಲೇ ಹಿಂಬಾಕಿಯ ಫಾರಂ (1961ರ ಕಾಯ್ದೆಯಡಿ 10ಇ) ತುಂಬಿ ಹಿಂದಿನ ವರ್ಷಗಳಿಗೆ ಹಂಚಿಸಿಕೊಳ್ಳಿ. ಕೃಷಿ ಆದಾಯ 5,000 ಮೀರಿದ್ದರೆ ಐಟಿಆರ್-1 ನಡೆಯದು, ಐಟಿಆರ್-2 ಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಇಲ್ಲಿ ಬಳಸಿದ 1961ರ ಕಾಯ್ದೆಯ ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, 80ಸಿ ಅಲ್ಲಿ 123. 80ಇಇಎ ಸಾಲವಿರುವವರು ಮಂಜೂರಾತಿ ಪತ್ರ ಮತ್ತು ಮನೆಯ ಮುದ್ರಾಂಕ ಮೌಲ್ಯ 45 ಲಕ್ಷದೊಳಗಿತ್ತೆಂಬ ದಾಖಲೆಯನ್ನು ಸಾಲ ತೀರುವವರೆಗೂ ಇಟ್ಟುಕೊಳ್ಳಿ.